ಬಂಡೆಯ ಬುಡದ ಕಾಡುಶುಂಠಿ

ಸಣ್ಣಮ್ಮ ನನಗೆ ಪರಿಚಯವಾದದ್ದೇ ಜಗಳದಿಂದ. ಮಸಿನಗುಡಿಯಿಂದ ಮೋಯಾರ್ ಕಡೆಗೆ ಇಳಿಯುವ ಕಣಿವೆಯಲ್ಲಿ, ಒಂದು ತೊರೆಯ ದಂಡೆಯ ಮೇಲೆ, ಕಾಡರಿಶಿನದ ಗಡ್ಡೆ ಅಗೆಯಲು ನಾನು ಕುಕ್ಕರುಗಾಲಲ್ಲಿ ಕೂತಿದ್ದೆ. ಅದೇ ಬೆಳಿಗ್ಗೆ ಕೂಲಿಗೆಂದು ನಮ್ಮ ಜೊತೆ ಸೇರಿಕೊಂಡಿದ್ದ ಹೆಂಗಸೊಬ್ಬಳು ಹಿಂದಿನಿಂದ ಬಂದು ನನ್ನ ಗುದ್ದಲಿಯ ಕಾವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಕೇಳ್ದೆ ಅಗೀತಾರಾ ಅಮ್ಮಿಣಿ? ಕೆಳಗೆ ಯಾರು ಮಲ್ಗವ್ರೋ ಏನೋ!”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೊತ್ತು ಏರುತ್ತಿದೆ, ಆನೆ ಯಾವ ಕಡೆಯಿಂದ ಬರುತ್ತದೋ ಎಂದು ಕಾಡಿನ ಕಾವಲುಗಾರ ಮಾರಣ್ಣ ಚಡಪಡಿಸುತ್ತಿದ್ದಾನೆ, ಅದರ ಮೇಲೆ ಇವಳ ಪುರಾಣ ಬೇರೆ. “ಕೆಳಗೆ ಗಡ್ಡೆ ಮಲಗಿದೆ ಅಕ್ಕ, ಕೈ ಬಿಡು” ಎಂದು ಗದರಿದೆ. ಆಕೆ ಬಿಡಲಿಲ್ಲ. ಬಗ್ಗಿ ಮಣ್ಣನ್ನು ಕೈಯಲ್ಲಿ ಸವರಿದಳು, ಸುತ್ತಲಿನ ಕಲ್ಲುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ, “ಇಲ್ಲಿ ಯಾರೂ ಇಲ್ಲೆ. ಅಗಿ” ಎಂದಳು.

ಅಪ್ಪಣೆ ಸಿಕ್ಕಿತಲ್ಲ ಎಂದು ಅಗೆಯಬೇಕಿತ್ತು. ಆದರೆ ಅವಳು ಹೇಳಿದ ರೀತಿಗೆ ನಾನು ಗುದ್ದಲಿ ಕೆಳಗಿಟ್ಟೆ. ಬೀಗ ಹಾಕಿದ ಮನೆಯ ಮುಂದೆ ನಿಂತು ಒಳಗೆ ಯಾರೂ ಇಲ್ಲ ಎನ್ನುವವರ ದನಿ ಅದು.

ನಾನು ಕೂಕಲ್ತೊರೈಯ ಬಡಗರ ಮನೆಯ ಹುಡುಗಿ, ಹೆಸರು ನಿವೇತಾ. ಮನೆಯಲ್ಲಿ ಸ್ವಲ್ಪ ಟೀ ತೋಟವಿದೆ. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿದೆ. ಈ ಕಣಿವೆಯಲ್ಲಿ ಶುಂಠಿ ಕುಟುಂಬದ ಕಾಡುಗಿಡಗಳನ್ನು ಗುರುತಿಸಿ, ಯಾವುದು ಯಾವ ಜಾತಿ ಎಂದು ವಿಂಗಡಿಸುವುದು ಈಗ ನನ್ನ ಕೆಲಸ. “ಶುಂಠಿ ಬೇಕಂದಲೆ ಕೋಟಗಿರಿ ಸಂತೆ ಇಲ್ಲೆಯಾ? ಅದುಗ ಆನೆ ಕಾಡು ಏಕ?” ಎಂದು ಅಮ್ಮ ಪಂಕಜಂ ಈಗಲೂ ಹಂಗಿಸುತ್ತಾಳೆ.

ಅಮ್ಮನಿಗೆ ನಾನು ಹೇಳಲಾರದ್ದು ಇದು. ಈ ಗಿಡಗಳು ವರ್ಷದಲ್ಲಿ ಅರ್ಧ ಕಾಲ ನಮ್ಮ ಲೋಕದಲ್ಲಿ ಇರುವುದೇ ಇಲ್ಲ. ಮಳೆ ನಿಂತು ಚಳಿ ಹಿಡಿಯುತ್ತಿದ್ದಂತೆ ಎಲೆ ಹಳದಿಯಾಗುತ್ತದೆ, ಕಾಂಡ ಒಣಗಿ ಮಲಗುತ್ತದೆ, ಗಡ್ಡೆ ಮಾತ್ರ ಮಣ್ಣಿನೊಳಗೆ ಉಸಿರು ಹಿಡಿದುಕೊಂಡು ಉಳಿಯುತ್ತದೆ. ಅದರ ಮೇಲೆ ಜಿಂಕೆ ನಡೆಯುತ್ತದೆ, ಬೆಂಕಿ ಹಾಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮುಂಗಾರಿಗೆ ಎದ್ದು ಬಂದರೂ ಎಲೆ ನೋಡಿ ಹೆಸರು ಹೇಳಲು ಹೋದರೆ ಕೆಟ್ಟೆವು. ಹತ್ತಿರದ ಜಾತಿಗಳೆಲ್ಲ ಅಕ್ಕತಂಗಿಯರ ಹಾಗೆ ಒಂದೇ ಮುಖದವು. ಎಲೆ ಕಾಂಡವನ್ನು ಸೇರುವ ಕಡೆ ನಾಲಗೆಯಂಥ ಒಂದು ತೆಳು ಪೊರೆ ಇರುತ್ತದೆ. ಅದರ ಉದ್ದ ನೋಡಬೇಕು, ಎಲೆ ಹಿಚುಕಿ ವಾಸನೆ ನೋಡಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಹೂವನ್ನು ನೋಡಬೇಕು. ಆ ಹೂವಾದರೋ ಎಷ್ಟೋ ಜಾತಿಗಳಲ್ಲಿ ಗಿಡದ ತುದಿಯಲ್ಲಿ ಬಿಡುವುದಿಲ್ಲ, ಬುಡದಲ್ಲಿ ಮಣ್ಣು ಸೀಳಿಕೊಂಡು ಬರುತ್ತದೆ. ತರಗೆಲೆ ಸರಿಸಿದರೆ ಒಂದು ತುಟಿ ತೆರೆದುಕೊಂಡು ಕಾಣುತ್ತದೆ. ಆ ತುಟಿಯಂಥ ಎಸಳಿನ ಬಣ್ಣ, ಚುಕ್ಕೆ, ಅಂಚು ಇವೇ ಜಾತಿಯ ಗುರುತು. ಅರಳಿದ್ದು ಹೊತ್ತು ಇಳಿಯುವುದರೊಳಗೆ ಕರಗಿ ಲೋಳೆಯಾಗುತ್ತದೆ. ನಾವು ಆಗ ಅಲ್ಲಿಲ್ಲವೋ, ಮುಂದಿನ ಮಳೆಗಾಲವೇ ಗತಿ. ಇಷ್ಟೆಲ್ಲ ಆದ ಮೇಲೂ ಸಸ್ಯಶಾಸ್ತ್ರದ ನಮ್ಮವರ ಜಗಳ ಮುಗಿಯುವುದಿಲ್ಲ. ಇದೇ ಕುಟುಂಬದಲ್ಲಿ ಹುಟ್ಟಿ ಬೆಳೆದಂತಿದ್ದ ಕೋಸ್ಟಸ್ ಗಿಡವನ್ನು ಬೇರೆ ಕುಟುಂಬವೆಂದು ಮನೆ ಮಾಡಿಸಿ ಕಳಿಸಿದ್ದಾಯಿತು.

ಅಂದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಸಣ್ಣಮ್ಮ ತಾನಾಗಿಯೇ ಮಾತಿಗೆ ಬಂದಳು. ಬೆಳಗಿನ ಜಗಳಕ್ಕೆ ಕಾರಣ ಹೇಳಬೇಕು ಎನಿಸಿರಬೇಕು. ಅವಳು ಹುಟ್ಟಿದ್ದು ಕಣಿವೆಯ ಒಳಗಿನ ಆಲಹಳ್ಳ ಎಂಬ ಸಣ್ಣ ಊರಿನಲ್ಲಿ. ಈಗ ಅಲ್ಲಿ ಊರಿಲ್ಲ. ಹಳ್ಳ ಬತ್ತಿ, ಆನೆ ಹೆಚ್ಚಿ, ಒಂದು ಬೇಸಿಗೆಯಲ್ಲಿ ಎಲ್ಲರೂ ಗುಡಿಸಲು ಬಿಚ್ಚಿಕೊಂಡು ರಸ್ತೆಯ ಬದಿಗೆ ಇಳಿದು ಬಂದರು. ಬದುಕಿದ್ದವರು ಬಂದರು. ಸತ್ತವರು ಅಲ್ಲೇ ಉಳಿದರು.

“ಎನ್ನ ಊರ್ಲಿ ಮಣ್ಣಿಗಿಟ್ಟ ಮ್ಯಾಲೆ ತಲೆ ಕಡೆ ಒಂದು ಗಡ್ಡೆ ನೆಡ್ತೀವಿ ಅಮ್ಮಿಣಿ. ಗಂಡುಸ್ರಿಗೆ ಕಾಡರಿಶ್ಣ. ಹೆತ್ತೋಳಿಗೆ ಬಿಳಿತುಟಿ. ಹೆಸರಿಡದ ಕೂಸಿಗೆ ಕೆಂದುಟಿ.”

ಬಿಳಿತುಟಿ, ಕೆಂದುಟಿ ಎರಡೂ ಕಾಡುಶುಂಠಿಯ ಜಾತಿಗಳು, ಹೂವಿನ ತುಟಿಯ ಬಣ್ಣದಿಂದ ಬಂದ ಹೆಸರುಗಳು ಎಂದು ನನಗೆ ಅರ್ಥವಾಯಿತು. ನಾನಿನ್ನೂ ಎರಡನ್ನೂ ಆ ಕಣಿವೆಯಲ್ಲಿ ಕಂಡಿರಲಿಲ್ಲ. ನೆಟ್ಟ ಮೇಲೆ ಏನು ಎಂದು ಕೇಳಿದೆ.

“ಮಳೆಗೆ ಹೂವ ಬತ್ತದಲ್ಲ, ಅವಾಗ ಮನೆಯೋರು ಹೋಗಿ ಗಂಜಿ ಇಕ್ಕಿ, ಹೂವ ಕಿತ್ತು, ಹೆಸರ ಕೂಗ್ಬೇಕು. ಉಂಡ್ಕೊಂಡು ಹೊಂಟೋಯ್ತಾರೆ. ಕೂಗ್ದೇ ಇದ್ರೆ ಹೋಗಾದಿಲ್ಲ. ಹಸ್ಕೊಂಡು ಇಲ್ಲೇ ಸುತ್ತುತಾ ಇರ್ತಾರೆ. ಎನ್ನ ಅವ್ವೆ ಇನ್ನೂ ಹೋಗಿಲ್ಲೆ.”

ಅಷ್ಟು ಹೇಳಿ, ಡಬ್ಬಿ ತೊಳೆದುಕೊಂಡು ಎದ್ದಳು. ಆ ಇಡೀ ಮಳೆಗಾಲ ಅವಳ ಜೀವನ ನನಗೆ ಸಿಕ್ಕಿದ್ದು ಹೀಗೇ, ತುಣುಕು ತುಣುಕಾಗಿ, ತಿನ್ನುವ ಹೊತ್ತಿನಲ್ಲಿ.

ಊರು ಇಳಿದು ಬಂದ ಆ ಬೇಸಿಗೆಯಲ್ಲಿ ಸಣ್ಣಮ್ಮನಿಗೆ ಚೊಚ್ಚಲ ಹೆರಿಗೆಯಾಯಿತು. ಹೆಣ್ಣು ಕೂಸು. ಹೆಸರಿಡುವ ಮೊದಲೇ ಹೋಯಿತು. ಬಾಣಂತಿಗೆ ಜ್ವರ ಏರಿ ಮೈಮೇಲೆ ಎಚ್ಚರವಿರಲಿಲ್ಲ. ಅದೇ ಜ್ವರ ಅವಳ ಅವ್ವೆ ಮಾದಿಗೂ ತಗಲಿ, ಮಾದಿ ಏಳಲೇ ಇಲ್ಲ. ಇಬ್ಬರನ್ನೂ ಮಣ್ಣಿಗಿಟ್ಟವನು ಅಣ್ಣ ಮಲ್ಲ. ಸಣ್ಣಮ್ಮನಿಗೆ ಕಣ್ಣು ಬಿಟ್ಟು ನೋಡುವಷ್ಟು ಶಕ್ತಿ ಬಂದಾಗ ಅವಳು ರಸ್ತೆ ಬದಿಯ ಹೊಸ ಗುಡಿಸಲಲ್ಲಿದ್ದಳು. ಅವ್ವೆ ಎಲ್ಲಿ ಎಂದು ಕೇಳಿದ್ದಕ್ಕೆ ಮಲ್ಲ, ನಮ್ಮ ಮನೆಯವರ ಬಂಡೆಯ ಬುಡದಲ್ಲಿ, ಬಿಳಿತುಟಿ ನೆಟ್ಟಿದ್ದೇನೆ ಎಂದ. ಕೂಸು ಎಲ್ಲಿ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವರ ಊರಿನಲ್ಲಿ ಹೆಸರಿಡದ ಕೂಸನ್ನು ಇಟ್ಟ ಜಾಗ ತಾಯಿಗೆ ತಿಳಿಸಬಾರದು. ತಿಳಿದರೆ ಅವಳು ಅಲ್ಲೇ ಹೋಗಿ ಕೂರುತ್ತಾಳೆ, ಇನ್ನೊಂದು ಬಸಿರು ನಿಲ್ಲುವುದಿಲ್ಲ ಎಂದು ನಂಬಿಕೆ. ಮಳೆಗಾಲದಲ್ಲಿ ಹೂ ಕಿತ್ತು, ಹೆಸರಿಲ್ಲದ್ದರಿಂದ ಕೂಸೇ ಎಂದೇ ಕೂಗಿ, ಅದನ್ನು ಕಳಿಸಿಕೊಡುವವನೂ ಸ್ವಂತ ಸೋದರಮಾವನೇ. ಆದರೆ ಆ ಮಳೆ ಹಿಡಿಯುವ ಮೊದಲೇ ಜೇನಿಗೆ ಹೋದ ಮಲ್ಲ ಆನೆಗೆ ಸಿಕ್ಕಿಬಿಟ್ಟ.

ಇನ್ನೊಂದು ಬಸಿರು ಹೇಗೂ ನಿಲ್ಲಲಿಲ್ಲ. ಗಂಡ ಸರವಣನ್ ಲಾರಿ ಕೆಲಸಕ್ಕೆಂದು ಕೊಯಮತ್ತೂರಿಗೆ ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ. “ಹೋಗ್ಲಿ ಬುಡು, ಗೊರಕೆ ಕಾಟ ತಪ್ತು” ಎಂದು ಸಣ್ಣಮ್ಮ ನಕ್ಕಳು. ಕಾಡ್ಗಿಚ್ಚು ಹರಡದಂತೆ ಬೆಂಕಿ ಗೆರೆ ಕಡಿಯುವ ಕೂಲಿ, ಲಂಟಾನದ ಮುಳ್ಳುಪೊದೆ ಕೀಳುವ ಕೂಲಿ, ರೆಸಾರ್ಟಿನ ಪಾತ್ರೆ ಬೆಳಗುವ ಕೂಲಿ, ಯಾವುದನ್ನೂ ಅವಳು ಬಿಡಲಿಲ್ಲ. ಮಾತಿನಲ್ಲಿ ಬಲು ಗಟ್ಟಿ. ನಮ್ಮ ಮಾರಣ್ಣನಂಥ ಮಾರಣ್ಣ ಅವಳ ಬಾಯಿಗೆ ಹೆದರಿ ಬೀಡಿ ಆರಿಸುತ್ತಿದ್ದ.

ಆಲಹಳ್ಳ ಈಗ ಜನ ಹೋಗಬಾರದ ಕಾಡಿನೊಳಗಿದೆ. ವರ್ಷಕ್ಕೊಮ್ಮೆ ಮಾತ್ರ, ಸಂಕ್ರಾಂತಿಯ ಹೊತ್ತಿಗೆ ಬರುವ ತೈ ತಿಂಗಳ ಹಬ್ಬ ಮುಗಿದ ಮೇಲೆ, ಹಳೇ ಊರಿನ ದೇವರಿಗೆ ಪೂಜೆ ಮಾಡಿ ಬರಲು ಬಿಡುತ್ತಾರೆ. ಆಗ ಕಾಡೆಲ್ಲ ಒಣಗಿರುತ್ತದೆ. ಸಣ್ಣಮ್ಮ ಬಂಡೆಯ ಬುಡಕ್ಕೆ ಹೋಗುತ್ತಾಳೆ. ಅಲ್ಲಿ ಮಲಗಿದ ಕಾಂಡಗಳು, ಬಾಡಿದ ಎಲೆಗಳು, ಇಷ್ಟೇ. ಕಾಡುಶುಂಠಿಯ ಎಲೆ ಎಂದು ಅವಳಿಗೆ ಗೊತ್ತು. ಅದರ ಮುಂದೆ ಅವ್ವೆಗೆ ಇಷ್ಟವಾದ ಎಲೆ ಅಡಿಕೆ, ಹೊಗೆಸೊಪ್ಪು ಇಡುತ್ತಾಳೆ. ಹೂವಿಲ್ಲ, ಹಾಗಾಗಿ ಹೆಸರು ಕೂಗುವಂತಿಲ್ಲ. ಬದಲಿಗೆ ಜಗಳ ಆಡುತ್ತಾಳೆ.

“ಏನಂತ ಜಗಳ?” ಎಂದು ಕೇಳಿದೆ.

“ಇನ್ನೇನು? ಎನ್ನ ಕೂಸ ನೋಡ್ಕೊಳ್ದೆ ಸಾಯಕ್ಕೆ ಬುಟ್ಟೆಯಲ್ಲೇ, ನೀನೆಂಥ ಅವ್ವೆಯೇ ಅಂತ. ಬಾಯಿಗೆ ಬಂದಂಗೆ ಬಯ್ತೀನಿ. ಬೈದು ಬೈದು ಗಂಟ್ಲು ಕಟ್ತದೆ. ಮನೆಗೆ ಬಂದ್ರೆ ಅವಳೇ ಹಿಂದುಗಡೆ ಬತ್ತಾಳೆ.”

ಹೇಗೆ ಬರುತ್ತಾಳೆ ಎಂಬುದನ್ನು ಅವಳು ಹೇಳಿದ್ದು ತನ್ನ ಮನೆಯಲ್ಲಿ. ಜುಲೈನಲ್ಲಿ ಒಂದು ಮಧ್ಯಾಹ್ನ ಜೀಪು ಕೆಟ್ಟು, ನಾನು ಅವಳ ಮನೆಯ ಜಗುಲಿಯಲ್ಲಿ ಕೂತು ಕಾಪಿ ಕುಡಿಯುತ್ತಿದ್ದೆ. ಶೀಟಿನ ಮನೆ, ಸಿಮೆಂಟು ಅಂಗಳ, ಎದುರಿಗೆ ರಸ್ತೆ. ಒಂದು ಹುಲ್ಲುಕಡ್ಡಿಯೂ ಬೆಳೆಯದ ಜಾಗ. ಇದ್ದಕ್ಕಿದ್ದಂತೆ ಮಾವಿನಕಾಯಿ ಸಿಪ್ಪೆ ಹೆರೆದ ಹಾಗೆ ಒಂದು ವಾಸನೆ ಬಂತು. ಸಣ್ಣಮ್ಮ ಮಾತು ನಿಲ್ಲಿಸಿ, ಒಳಗೆ ಹೋಗಿ, ಚಾಪೆ ಹಾಸಿ ಬಂದಳು.

“ಅವ್ವೆ ಬಂದ್ಲು” ಎಂದಳು. “ಹೊತ್ತು ನೆತ್ತಿಗೆ ಬಂದಾಗ್ಲೇ ಬರಾದು. ಚಾಪೆ ಹಾಸಿದ್ರೂ ಅಲ್ಲಿ ಕೂರಾದಿಲ್ಲ. ಎನ್ನ ಮಡ್ಲಲ್ಲೇ ಬಂದು ಕುಂತಂಗಿರ್ತದೆ. ಸತ್ತ ಮ್ಯಾಲೆ ಬಲೇ ಹಗೂರ ಆಗವ್ಳೆ ಅಮ್ಮಿಣಿ.”

ಅವಳ ಒಂದು ಕೈ ಮಡಿಲ ಮೇಲೆ, ಸೆರಗಿನಡಿಯಲ್ಲಿ ಏನನ್ನೋ ಜಾರದಂತೆ ಹಿಡಿದುಕೊಂಡ ಹಾಗಿತ್ತು. ನಾನು ಎದ್ದು ಮನೆಯ ಸುತ್ತ ಹುಡುಕಿದೆ. ಮಾವಿನ ಮರವಿಲ್ಲ, ಶುಂಠಿ ಇಲ್ಲ, ಅರಿಶಿನವಿಲ್ಲ. ವಾಸನೆ ಮಾತ್ರ ಇತ್ತು. ಸುಳ್ಳೇಕೆ ಹೇಳಲಿ, ನನಗೆ ಹೆದರಿಕೆಯಾಯಿತು. ಕಾಪಿಯನ್ನು ಪೂರ್ತಿ ಕುಡಿಯದೆ ರಸ್ತೆಗೆ ಬಂದು ನಿಂತೆ.

ಅವಳು ನಮ್ಮ ಕೆಲಸಕ್ಕೆ ಸೇರಿದ್ದು ಕೂಲಿಗಾಗಿ ಅಲ್ಲ ಎಂದು ಆಗ ನನಗೆ ಗೊತ್ತಾಯಿತು. ಊರು ಬಿಟ್ಟ ಮೇಲೆ ಮಳೆಗಾಲದಲ್ಲಿ ಆಲಹಳ್ಳಕ್ಕೆ ಹೋಗುವ ದಾರಿ ಅವಳಿಗೆ ಸಿಕ್ಕಿದ್ದು ಇದೊಂದೇ. ಹೂ ಇರುವಾಗ ಹೋಗಬೇಕು, ಕಿತ್ತು ಕೂಗಬೇಕು, ಅವ್ವೆಯನ್ನು ಉಣಿಸಿ ಕಳಿಸಬೇಕು. ಅದಕ್ಕಾಗಿ ನಮ್ಮ ಹಿಂದೆ ಜಿಗಣೆ ಕಚ್ಚಿಸಿಕೊಂಡು ತಿರುಗುತ್ತಿದ್ದಳು. ಪ್ರತಿ ವಾರ ಕೇಳುವುದು ಒಂದೇ ಮಾತು, ಆಲಹಳ್ಳಕ್ಕೆ ಯಾವಾಗ?

ಆಗಸ್ಟಿನಲ್ಲಿ ಹೋದೆವು. ಬೆಳಗಿನ ಹೊತ್ತು, ಮಳೆ ಹೊಳವಾಗಿತ್ತು. ಮಾರಣ್ಣ ಮುಂದೆ, ನಡುವೆ ನಾನು, ಹಿಂದೆ ಸಣ್ಣಮ್ಮ. ಅವಳು ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು ಬಂದಿದ್ದಳು. ಬಗಲಲ್ಲಿ ಗಂಟು. ಒಂದು ಚೊಂಬಿನಲ್ಲಿ ರಾಗಿ ಗಂಜಿ, ಜೊತೆಗೆ ಎಲೆ ಅಡಿಕೆ, ಹೊಗೆಸೊಪ್ಪು.

ಊರು ಇದ್ದ ಕಡೆ ಒಂದು ಒರಳುಕಲ್ಲು, ಒಂದು ಹುಣಸೆ ಮರ, ಅಷ್ಟೇ ಉಳಿದಿತ್ತು. ಹಳ್ಳದ ಆಚೆ ಬಂಡೆ. ಬಂಡೆಯ ಬುಡದಲ್ಲಿ ನನ್ನ ಎದೆ ಮಟ್ಟಕ್ಕೆ ಬೆಳೆದ ಕಾಡುಶುಂಠಿಯ ಹಿಂಡು, ಒತ್ತಾಗಿ, ಹಸಿರಾಗಿ. ಅಷ್ಟು ಸೊಂಪಾದ ಹಿಂಡನ್ನು ನಾನು ಆ ಕಣಿವೆಯಲ್ಲಿ ಎಲ್ಲೂ ನೋಡಿರಲಿಲ್ಲ. “ನೋಡ್ದಾ ಎನ್ನ ಅವ್ವೆಯ?” ಎಂದು ಸಣ್ಣಮ್ಮ ಹೆಮ್ಮೆಯಿಂದ ಕೇಳಿದಳು. ಗಂಟು ಬಿಚ್ಚಿಟ್ಟು, ಮಂಡಿಯೂರಿ, ಎರಡೂ ಕೈಯಲ್ಲಿ ತರಗೆಲೆ ಸರಿಸಿದಳು.

ಮಣ್ಣಿನಿಂದ ಒಂದೇ ಒಂದು ಹೂ ಎದ್ದಿತ್ತು. ತುಟಿ ಕೆಂಪಗಿತ್ತು.

ಅವಳು ಬೆರಳಿನಿಂದ ಆ ತುಟಿಗೆ ಅಂಟಿದ್ದ ಮಣ್ಣು ಒರೆಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಮಳೆಗೆ ಬಣ್ಣ ತಿರುಗ್ತದಾ ಅಮ್ಮಿಣಿ? ನೀ ನೋಡು, ನೀ ಓದ್ದೋಳು” ಎಂದಳು. ದನಿಯಲ್ಲಿ ಬೇಡುವಿಕೆ ಇತ್ತು. ನನಗೋ ಕೆಲಸದ ಗುಂಗು. ಎಲೆಯ ಬುಡದ ನಾಲಗೆ ಬಿಡಿಸಿ ನೋಡಿದೆ, ಹೂವಿನ ಹೊರ ಪೊರೆ ನೋಡಿದೆ. “ಬಣ್ಣ ತಿರುಗುವುದಿಲ್ಲ ಅಕ್ಕ. ಇದು ಬಿಳಿತುಟಿ ಇರಲಾರದು. ಎಲೆ ಒಂದೇ ಥರ ಕಂಡರೂ...” ಎನ್ನುತ್ತಾ ಎಲೆಯನ್ನು ಹಿಚುಕಿ ಮೂಗಿಗೆ ಹಿಡಿದೆ.

ಮಾವಿನಕಾಯಿ ಸಿಪ್ಪೆಯ ವಾಸನೆ.

ಜುಲೈ ತಿಂಗಳ ಆ ಜಗುಲಿ ಕಣ್ಣ ಮುಂದೆ ಬಂತು. ವಾಸನೆ ಸಣ್ಣಮ್ಮನಿಗೂ ತಲುಪಿತ್ತು. ಅವಳ ಕೈ ತಾನಾಗಿಯೇ ಮಡಿಲಿಗೆ ಹೋಯಿತು.

ಬಿಳಿತುಟಿಯೂ ಇಲ್ಲೇ ಎಲ್ಲೋ ಇರಬೇಕು ಎನ್ನುತ್ತಾ ಮಾರಣ್ಣ ಕತ್ತಿ ತೆಗೆದು ಬಂಡೆಯ ಮಗ್ಗುಲಿಗೆ ಹೋದ. ಅಲ್ಲಿ ಲಂಟಾನ ಗೋಡೆಯ ಹಾಗೆ ಬೆಳೆದಿತ್ತು. ಕಡಿದು ಕಡಿದು ಒಳಗೆ ಹೋದರೆ, ಬಿಸಿಲು ಕಾಣದೆ ಸೊರಗಿದ ಒಂದು ಸಣ್ಣ ಹಿಂಡು. ಎಲೆಗಳು ಅವೇ, ಅದೇ ಉದ್ದ, ಅದೇ ಹಸಿರು. ಬುಡದಲ್ಲಿ ಬೆಳ್ಳಗಿನ ತುಟಿಯ ಎರಡು ಹೂ. ಎಲೆ ಹಿಚುಕಿದೆ, ಕರ್ಪೂರದ ವಾಸನೆ. ಒಣಗಿ ಮಲಗಿದಾಗ ಈ ಎರಡನ್ನು ಬೇರೆ ಮಾಡಿ ಹೇಳು ಎಂದರೆ ನನ್ನ ಕೈಲೂ ಆಗುತ್ತಿರಲಿಲ್ಲ.

ಸಣ್ಣಮ್ಮ ಮುಳ್ಳು ಲೆಕ್ಕಿಸದೆ ತೆವಳಿಕೊಂಡು ಒಳಗೆ ಬಂದಳು. ಗಂಜಿಯನ್ನು ಎಲೆಯ ಮೇಲೆ ಸುರಿದಳು, ಎಲೆ ಅಡಿಕೆ ಇಟ್ಟಳು, ಹೊಗೆಸೊಪ್ಪು ಇಟ್ಟಳು. ಬಿಳಿಯ ಹೂವೊಂದನ್ನು ಕಿತ್ತು ಹಣೆಗೆ ಒತ್ತಿಕೊಂಡು ಕಣಿವೆಯೆಲ್ಲ ಕೇಳುವಂತೆ ಕೂಗಿದಳು.

“ಮಾದೀ! ಮಾದವ್ವೇ! ಉಂಡ್ಕೊಂಡು ಹೋಗು. ತಡ ಆಯ್ತು, ಕಣ್ಣು ತಪ್ತು, ಸಿಟ್ಟು ಮಾಡ್ಕಬ್ಯಾಡ. ಹೋಗು ಎನ್ನವ್ವೆ.”

ಮಾರಣ್ಣ ಟೊಪ್ಪಿ ತೆಗೆದು ನಿಂತಿದ್ದ. ನನಗೆ ಅಳು ಬಂತು, ಅತ್ತುಬಿಟ್ಟೆ. ಯಾವ ಗಾಳಿಯೂ ಬೀಸಲಿಲ್ಲ, ಯಾವ ಹಕ್ಕಿಯೂ ಕೂಗಲಿಲ್ಲ. ಅವಳು ಮಾತ್ರ ಯಾರನ್ನೋ ಬಸ್ಸು ಹತ್ತಿಸಿ ಬಂದವಳ ಹಾಗೆ ಹಿಂದಿರುಗಿ, ಮೊದಲಿನ ಹಿಂಡಿನ ಮುಂದೆ ಬಂದು ಕೂತಳು. ಕೂತ ಮೇಲೆ ಅವಳಿಗೆ ಎಲ್ಲ ಒಟ್ಟಿಗೆ ಬಂದು ಬಡಿಯಿತು.

“ಇದು ನಮ್ಮ ಮನೆ ಬಂಡೆ. ಇಲ್ಲಿ ಬ್ಯಾರೆ ಯಾರ್ ಕೂಸೂ ಇಲ್ಲೆ” ಎಂದಳು, ನನಗಲ್ಲ, ತನಗೇ. “ಮಲ್ಲ ಅಜ್ಜಿ ಬಗಲಲ್ಲೇ ಮಲಗ್ಸವ್ನೆ. ಒಬ್ಬಳೇ ಬುಡಬಾರ್ದು ಅಂತ.”

ಆಮೇಲೆ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. “ಹೊಗೆಸೊಪ್ಪು ಇಟ್ನಲ್ಲ ಅಮ್ಮಿಣಿ! ವರ್ಷ ವರ್ಷವೂ ತಂದು ತಂದು ಹಸುಗೂಸಿನ ಬಾಯಿ ಮುಂದೆ ಹೊಗೆಸೊಪ್ಪು ಇಟ್ನಲ್ಲ! ಕೂಸ ಸಾಯ್ಸುದೆ ಅಂತ ಆ ಕೂಸ್ಗೇ ಬೈದ್ನಲ್ಲ! ಬೈಸ್ಕೊಂಡು, ಹಸ್ಕೊಂಡು, ಹಿಂದುಗಡೆಯೇ ಮನೆಗೆ ಬತ್ತಿತ್ತಲ್ಲ ಅದು!”

ಮಾರಣ್ಣ ಹತ್ತಿರ ಬಂದು ಕೂತ. ಅವನೂ ಆಲಹಳ್ಳದಲ್ಲೇ ಹುಟ್ಟಿದವನು, ದೂರದ ವರಸೆಯಲ್ಲಿ ಅವಳಿಗೆ ಅಣ್ಣನಾಗಬೇಕು.

“ಸಣ್ಣೀ, ಮಲ್ಲ ಇಲ್ಲೆ. ಕೂಗೋರು ಇನ್ಯಾರವ್ರೆ? ನೀನೇ ಕೂಗು, ತೆಪ್ಪಿಲ್ಲೆ. ಹೊತ್ತು ಏರ್ತಾ ಅದೆ, ಹೂವ ಕರಗೋಯ್ತದೆ. ಕಿತ್ತು ಕಳ್ಸಿಕೊಡವ್ವ.”

ಅವನು ಹೇಳಿದ್ದು ಸರಿ. ನನಗೂ ಆ ಹೂವು ಬೇಕಿತ್ತು. ಹೂವಿಲ್ಲದೆ ನನ್ನ ಜಾತಿ ಪಟ್ಟಿಯಲ್ಲಿ ಕೆಂದುಟಿ ಎಂಬ ಗಿಡವೇ ಇಲ್ಲ. ನಮ್ಮ ಕಣ್ಣೆದುರಿಗೇ ತುಟಿಯ ಅಂಚು ಆಗಲೇ ಸುರುಟಲು ಶುರುವಾಗಿತ್ತು. ಹೂವನ್ನು ಕೆಡದಂತೆ ಇಡುವ ಸ್ಪಿರಿಟಿನ ಬಾಟಲಿ ತೆಗೆದು ಕೈಯಲ್ಲಿ ಹಿಡಿದಿದ್ದವಳು ಅದನ್ನು ಚೀಲಕ್ಕೆ ಹಾಕಿ ಜಿಪ್ ಎಳೆದುಬಿಟ್ಟೆ. ಅದು ನನ್ನ ಹೂವಲ್ಲ.

ಸಣ್ಣಮ್ಮ ಕೈ ಚಾಚಿದಳು. ಬೆರಳುಗಳು ಹೂವಿನ ತೊಟ್ಟಿನವರೆಗೆ ಹೋದವು, ಹಿಂದಕ್ಕೆ ಬಂದವು. ಕಿತ್ತು ಕೂಗಿಬಿಟ್ಟರೆ ಇನ್ನು ಯಾವ ಮಧ್ಯಾಹ್ನವೂ ಆ ವಾಸನೆ ಬರುವುದಿಲ್ಲ, ಮಡಿಲು ಬರಿದೇ. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅವಳು ಚೊಂಬನ್ನು ಓರೆ ಮಾಡಿದಳು. ತಳದಲ್ಲಿ ಸ್ವಲ್ಪ ಗಂಜಿ ಉಳಿದಿತ್ತು. ಬೆರಳ ತುದಿ ಅದ್ದಿ, ಕೂಸಿನ ತಲೆಯನ್ನು ಆನಿಸಿ ಹಿಡಿದವಳ ಹಾಗೆ ಇನ್ನೊಂದು ಕೈಯನ್ನು ಹೂವಿನ ಹಿಂದೆ ಕೊಟ್ಟು, ಆ ಕೆಂಪು ತುಟಿಗೆ ಒಂದೊಂದೇ ತೊಟ್ಟು ಬಿಟ್ಟಳು.

“ಇವತ್ತು ಬ್ಯಾಡ ಮಾರಣ್ಣ” ಎಂದಳು. “ಇನ್ನೂ ಏನೂ ಉಂಡಿಲ್ಲೆ ಅದು.”